ಓಟಕ್ಕೆ ಮೊದಲು ನಿಲುಗಡೆ

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಮಾತು ಯಾವುದಾದರೂ ಕಾರಿಗೆ ಒಪ್ಪುವುದಾದರೆ ಅದು ಬ್ರಿಟನ್ನಿನ ಮಿನಿ ಕಾರಿಗೆ. 1956ರಲ್ಲಿ ಸೂಯೆಜ್ ಕಾಲುವೆಯ ಬಿಕ್ಕಟ್ಟು ತಲೆದೋರಿ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಕಡಿಮೆ ಇಂಧನ ಕುಡಿಯುವ ಪುಟ್ಟ ಕಾರನ್ನು ರೂಪಿಸುವ ಹೊಣೆ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಎಂಜಿನಿಯರ್ ಅಲೆಕ್ ಇಸಿಗೋನಿಸ್ ಅವರ ಹೆಗಲೇರಿತು. ಅವರು ಎಂಜಿನ್ನನ್ನು ಅಡ್ಡಡ್ಡಲಾಗಿ ಕೂರಿಸಿದರು, ಗೇರುಪೆಟ್ಟಿಗೆಯನ್ನು ಅದರ ಹೊಟ್ಟೆಯ ಕೆಳಗೇ ಇಟ್ಟರು, ಮುಂದಿನ ಚಕ್ರಗಳೇ ಕಾರನ್ನು ಎಳೆಯುವಂತೆ ಮಾಡಿದರು. ಹೀಗೆ ಉಳಿಸಿದ ಜಾಗದಿಂದಾಗಿ ಕೇವಲ ಹತ್ತು ಅಡಿ ಉದ್ದದ ಕಾರಿನಲ್ಲಿ ನಾಲ್ಕು ಮಂದಿ ಕೂರಲು ಸಾಧ್ಯವಾಯಿತು. 1959ರ ಆಗಸ್ಟ್‌ನಲ್ಲಿ ಮಿನಿ ಮಾರುಕಟ್ಟೆಗೆ ಬಂತು.

ಇದರ ಹಿಂದೆ ಹೆಚ್ಚು ಜನರಿಗೆ ತಿಳಿಯದ ಸಂಗತಿಯೊಂದಿದೆ. ಪ್ರಯೋಗದ ಮೊದಲ ಕಾರುಗಳಲ್ಲಿ ಇದ್ದದ್ದು 948 ಸಿಸಿ ಎಂಜಿನ್. ಅದು ಗಂಟೆಗೆ 90 ಮೈಲಿಗೂ ಮಿಕ್ಕಿ ಓಡಿತು. ಸಂಸಾರಸ್ಥರ ಕಾರಿಗೆ ಇಷ್ಟು ವೇಗ ಅತಿಯಾಯಿತು ಎಂದು ತಯಾರಕರೇ ತೀರ್ಮಾನಿಸಿ ಎಂಜಿನ್ನನ್ನು 848 ಸಿಸಿಗೆ ಇಳಿಸಿದರು. ಅದರ ಶಕ್ತಿ 34 ಅಶ್ವಶಕ್ತಿ. ಗರಿಷ್ಠ ವೇಗ ಗಂಟೆಗೆ ಸುಮಾರು 116 ಕಿ.ಮೀ.

ಈ ಕಾರಿನ ಮೇಲೆ ಜಾನ್ ಕೂಪರ್ ಅವರ ಕಣ್ಣು ಬಿತ್ತು. ಕೂಪರ್ ಸಾಮಾನ್ಯ ಗ್ಯಾರೇಜಿನವರಲ್ಲ. 1959 ಮತ್ತು 1960ರಲ್ಲಿ ಅವರ ಸಂಸ್ಥೆಯ ಕಾರುಗಳು ಫಾರ್ಮುಲಾ ಒನ್ ತಯಾರಕರ ಪಟ್ಟವನ್ನೇ ಗೆದ್ದಿದ್ದವು. ಮಿನಿ ಕಾರು ತಿರುವಿನಲ್ಲಿ ರಸ್ತೆ ಹಿಡಿಯುವ ಪರಿ ಅವರಿಗೆ ಮೆಚ್ಚಿಗೆಯಾಯಿತು. ಇದಕ್ಕೆ ಇನ್ನಷ್ಟು ಕಸುವು ತುಂಬಬೇಕು ಎಂದರು. ಇದು ಜನಸಾಮಾನ್ಯರ ಕಾರು ಎಂದುಕೊಂಡಿದ್ದ ಇಸಿಗೋನಿಸ್‌ಗೆ ಈ ಸಲಹೆ ರುಚಿಸಲಿಲ್ಲ. ಕೊನೆಗೆ ಕಂಪನಿಯ ಮುಖ್ಯಸ್ಥ ಜಾರ್ಜ್ ಹ್ಯಾರಿಮನ್ ಒಂದು ಸಾವಿರ ಕಾರುಗಳಿಗೆ ಒಪ್ಪಿಗೆ ಕೊಟ್ಟರು. 1961ರಲ್ಲಿ 'ಮಿನಿ ಕೂಪರ್' ಹುಟ್ಟಿತು. ಸಾವಿರಕ್ಕೆ ಮುಗಿಯಬೇಕಿದ್ದ ಅದರ ತಯಾರಿಕೆ ಬ್ರಿಟನ್ನಿನಲ್ಲಿ 1971ರವರೆಗೂ ನಡೆಯಿತು.

ಕೂಪರ್ ಮಾಡಿದ್ದೇನು? ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರವನ್ನು ಸುಮಾರು 68ರಿಂದ 81 ಮಿಲಿಮೀಟರಿಗೆ ಹೆಚ್ಚಿಸಿದರು. ಎಂಜಿನ್ 997 ಸಿಸಿ ಆಯಿತು. ಒಂದರ ಬದಲು ಎರಡು ಕಾರ್ಬುರೇಟರ್ ಬಂದವು. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್ ಎಂದರೆ ಹೆಚ್ಚು ಶಕ್ತಿ. ಸಿಲಿಂಡರಿನೊಳಗೆ ಮಿಶ್ರಣವನ್ನು ಅದುಮುವ ಪ್ರಮಾಣ 8.3ರಿಂದ 9 ಪಟ್ಟಿಗೇರಿತು. ಇವೆಲ್ಲದರ ಫಲವಾಗಿ 34 ಅಶ್ವಶಕ್ತಿ 55ಕ್ಕೆ ಏರಿತು.

ಈಗ ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಬಹುದು. ಶಕ್ತಿ ಹೆಚ್ಚಿದ್ದು ಶೇಕಡಾ 62ರಷ್ಟು. ಹಾಗಾದರೆ ವೇಗವೂ ಶೇಕಡಾ 62 ಹೆಚ್ಚಬೇಕಲ್ಲವೇ? ಇಲ್ಲ. ಕೂಪರ್ ಕಾರಿನ ಗರಿಷ್ಠ ವೇಗ ಸುಮಾರು 137 ಕಿ.ಮೀ. ಅಂದರೆ ಶೇಕಡಾ 18ರಷ್ಟು ಮಾತ್ರ ಹೆಚ್ಚು. ಉಳಿದ ಶಕ್ತಿ ಎಲ್ಲಿ ಹೋಯಿತು? ಅದನ್ನು ಗಾಳಿ ನುಂಗಿತು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದನ್ನು ಮೀರಿ ಓಡಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 1.18ನ್ನು ಮೂರು ಬಾರಿ ಗುಣಿಸಿ ನೋಡಿ, ಸುಮಾರು 1.64 ಬರುತ್ತದೆ. 55ನ್ನು 34ರಿಂದ ಭಾಗಿಸಿದರೆ ಬರುವುದೂ 1.62! ಪಠ್ಯಪುಸ್ತಕದ ಸೂತ್ರ ರಸ್ತೆಯ ಮೇಲೆ ಹೀಗೆ ತಾಳೆಯಾಗುವುದು ಅಪರೂಪವೇನಲ್ಲ.

ಆದರೆ ಕೂಪರ್ ಅವರ ನಿಜವಾದ ಜಾಣತನ ಎಂಜಿನ್ನಿನಲ್ಲಿ ಮಾತ್ರ ಇರಲಿಲ್ಲ. ಮೂಲ ಮಿನಿಯ ನಾಲ್ಕೂ ಚಕ್ರಗಳಲ್ಲಿ ಇದ್ದದ್ದು ಡ್ರಮ್ ಬ್ರೇಕು. ಕೂಪರ್ ಕಾರಿನ ಮುಂದಿನ ಚಕ್ರಗಳಿಗೆ ಏಳು ಅಂಗುಲದ ಡಿಸ್ಕ್ ಬ್ರೇಕು ಬಂತು. ಅಷ್ಟು ಸಣ್ಣ ಕಾರಿಗೆ ಆ ಕಾಲದಲ್ಲಿ ಇದು ಹೊಸತು.

ಇದರ ಅಗತ್ಯವೇನಿತ್ತು? ಓಡುವ ಕಾರಿನ ಚಲನಶಕ್ತಿ ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಇಬ್ಬರು ಕುಳಿತ ಇಂಥ ಪುಟ್ಟ ಕಾರಿನ ತೂಕ 750 ಕಿಲೋ ಎಂದಿಟ್ಟುಕೊಳ್ಳಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಅದರ ಚಲನಶಕ್ತಿ ಸುಮಾರು 72 ಕಿಲೋಜೂಲ್. ನೂರು ಕಿ.ಮೀ. ವೇಗದಲ್ಲಿ ಅದು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಂದರೆ 289 ಕಿಲೋಜೂಲ್. ಕಾರು ನಿಲ್ಲಬೇಕಾದರೆ ಈ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಬ್ರೇಕು ಅದನ್ನು ಶಾಖವಾಗಿ ಮಾರ್ಪಡಿಸುತ್ತದೆ. ಒಂದು ಲೀಟರ್ ನೀರನ್ನು ಕುದಿಯುವ ಹಂತದ ಹತ್ತಿರಕ್ಕೆ ತರಲು ಇಷ್ಟು ಶಾಖ ಸಾಕು. ಕಬ್ಬಿಣದ ವಿಶಿಷ್ಟೋಷ್ಣವಾದರೋ ನೀರಿನದರ ಒಂಬತ್ತನೇ ಒಂದು ಭಾಗ. ಈ ಶಾಖವೆಲ್ಲ ಎಂಟು ಕಿಲೋ ಕಬ್ಬಿಣದೊಳಗೆ ಹೊಕ್ಕರೆ ಒಂದು ನಿಲುಗಡೆಗೇ ಉಷ್ಣತೆ 80 ಡಿಗ್ರಿ ಏರುತ್ತದೆ. ಆರಲು ಬಿಡದೆ ಐದು ಸಲ ಹೀಗೆ ನಿಲ್ಲಿಸಿದರೆ? ನಾನೂರು ಡಿಗ್ರಿ!

ಡ್ರಮ್ ಬ್ರೇಕಿನ ಕಷ್ಟ ಇಲ್ಲೇ ಇದೆ. ಬಿಸಿಯಾದ ಡ್ರಮ್ ಹಿಗ್ಗಿ ಒಳಗಿನ ಪಟ್ಟಿಯಿಂದ ದೂರ ಸರಿಯುತ್ತದೆ. ಮುಚ್ಚಿದ ಪೆಟ್ಟಿಗೆಯಂತಿರುವುದರಿಂದ ಶಾಖ ಬೇಗ ಹೊರಬೀಳುವುದಿಲ್ಲ. ಪೆಡಲನ್ನು ಎಷ್ಟು ಒತ್ತಿದರೂ ಕಾರು ನಿಲ್ಲಲು ಒಲ್ಲೆನ್ನುತ್ತದೆ. ಡಿಸ್ಕ್ ಹಾಗಲ್ಲ. ಅದು ಗಾಳಿಗೆ ತೆರೆದುಕೊಂಡಿರುತ್ತದೆ. ಬಿಸಿಗೆ ದಪ್ಪವಾದರೆ ಪಟ್ಟಿಗಳ ಕಡೆಗೇ ಹಿಗ್ಗುತ್ತದೆ.

1963ರಲ್ಲಿ 'ಕೂಪರ್ ಎಸ್' ಬಂತು. 1071 ಸಿಸಿ, 70 ಅಶ್ವಶಕ್ತಿ. ಈ ಬಾರಿ ಪಿಸ್ಟನ್ ಚಲಿಸುವ ದೂರವನ್ನು ಮತ್ತೆ 68 ಮಿಲಿಮೀಟರಿಗೆ ಇಳಿಸಿ ಸಿಲಿಂಡರನ್ನು ಅಗಲ ಮಾಡಿದ್ದರು. ನಿಮಿಷಕ್ಕೆ 6000 ಸುತ್ತು ತಿರುಗುವಾಗ 81 ಮಿಲಿಮೀಟರಿನ ಪಿಸ್ಟನ್ ಸೆಕೆಂಡಿಗೆ ಸರಾಸರಿ 16 ಮೀಟರ್ ಓಡಬೇಕು. 68ರದ್ದಾದರೆ 14 ಮೀಟರಿಗೂ ಕಡಿಮೆ. ಸವೆತವೂ ಆಯಾಸವೂ ಅಷ್ಟು ಕಡಿಮೆ. ಕ್ರ್ಯಾಂಕ್ ದಂಡದ ಮೇಲ್ಮೈಗೆ ಸಾರಜನಕ ಹೊಗಿಸಿ ಗಡಸು ಮಾಡಿದರು. ಬ್ರೇಕಿನ ಡಿಸ್ಕ್ ಏಳರಿಂದ ಏಳೂವರೆ ಅಂಗುಲವಾಯಿತು. ಕಾಲಿನ ಒತ್ತಡಕ್ಕೆ ನೆರವಾಗಲು ಸರ್ವೋ ಬಂತು. ಎಂಜಿನ್ ಒಂದು ಹೆಜ್ಜೆ ಮುಂದಿಟ್ಟಾಗಲೆಲ್ಲ ಬ್ರೇಕೂ ಒಂದು ಹೆಜ್ಜೆ ಇಟ್ಟಿತು ಎಂಬುದನ್ನು ಗಮನಿಸಿ.

1964ರ ಜನವರಿಯಲ್ಲಿ ಪ್ಯಾಡಿ ಹಾಪ್‌ಕರ್ಕ್ ಇಂಥ ಕಾರಿನಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದರು. ನಾಲ್ಕು ಪಟ್ಟು ದೊಡ್ಡ ಎಂಜಿನ್ನಿನ ಫೋರ್ಡ್ ಫಾಲ್ಕನ್ ಎರಡನೆಯದಾಯಿತು. ಸಣ್ಣ ಎಂಜಿನ್ನಿಗೆ ನಿಯಮದಲ್ಲಿ ರಿಯಾಯಿತಿ ಇತ್ತೆಂಬುದು ನಿಜ. ಆದರೂ ಹಿಮ ಕವಿದ ಬೆಟ್ಟದ ತಿರುವುಗಳಲ್ಲಿ ಹಗುರ ಮೈ, ಹಿಡಿತ, ಬ್ರೇಕು ಇವು ಬರಿಯ ಅಶ್ವಶಕ್ತಿಗಿಂತ ಹೆಚ್ಚು ಕೆಲಸ ಮಾಡಿದವು. 1965 ಮತ್ತು 1967ರಲ್ಲೂ ಗೆಲುವು ಮಿನಿಯದೇ.

ಇದೇ ಕಾರನ್ನು ಕಚೇರಿಗೆ, ಪೇಟೆಗೆ ಓಡಿಸಿದವರ ಅನುಭವ ಮಾತ್ರ ಬೇರೆ. ಎಂಜಿನ್ನಿಗೂ ಗೇರಿಗೂ ಒಂದೇ ಎಣ್ಣೆಯಾದ್ದರಿಂದ ಹಲ್ಲುಚಕ್ರಗಳ ನಡುವೆ ಅರೆದು ಅರೆದು ಅದು ಬೇಗ ತೆಳುವಾಗುತ್ತಿತ್ತು, ಆಗಾಗ ಬದಲಿಸಲೇಬೇಕು. ಎರಡು ಕಾರ್ಬುರೇಟರುಗಳು ಸಮನಾಗಿ ಉಸಿರಾಡುವಂತೆ ಹೊಂದಿಸುತ್ತಿರಬೇಕು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮುಂಭಾಗದ ಜಾಲರಿಯ ಹಿಂದೆಯೇ ಇದ್ದುದರಿಂದ ಜೋರು ಮಳೆಗೆ ನೀರು ತಾಗಿ ಎಂಜಿನ್ ನಿಂತುಬಿಡುವುದೂ ಇತ್ತು. ವೇಗದ ಕಾರನ್ನು ಕೊಳ್ಳುವುದು ಒಂದು ದಿನದ ಕೆಲಸ, ಸಾಕುವುದು ದಿನದಿನದ ಕೆಲಸ.

ಇಷ್ಟೆಲ್ಲ ಹೇಳಿದ್ದು ಹಳೆಯ ಕಾರಿನ ಗುಣಗಾನಕ್ಕಾಗಿ ಅಲ್ಲ. ಇಂದು ಮನೆಯ ಕಾರಿಗೋ ಬೈಕಿಗೋ ಶಕ್ತಿ ಹೆಚ್ಚಿಸಬೇಕೆಂದು ಹಟ ಹಿಡಿಯುವ ತರುಣರು ಮೊದಲು ಕೇಳುವುದು ಸೈಲೆನ್ಸರ್, ಆಮೇಲೆ ಎಂಜಿನ್. ಬ್ರೇಕು, ಟೈರು ನೆನಪಾಗುವುದು ಕೊನೆಗೆ, ಅದೂ ನೆನಪಾದರೆ. ಗುಡುಗುವ ಸೈಲೆನ್ಸರಿನಿಂದ ಸದ್ದು ಹೆಚ್ಚುತ್ತದೆಯೇ ಹೊರತು ನಿಲ್ಲುವ ದೂರ ಒಂದು ಗೇಣೂ ಕಡಿಮೆಯಾಗುವುದಿಲ್ಲ. ಕಾನೂನಿನ ಮಾತೂ ಇದೆ. ತಯಾರಕರು ನಿಗದಿ ಮಾಡಿದ, ನೋಂದಣಿಯಲ್ಲಿ ದಾಖಲಾದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೇಳದೆ ಮಾಡಿದ ಬದಲಾವಣೆ ಅಪಘಾತದ ಹೊತ್ತಿನಲ್ಲಿ ವಿಮೆಯ ಹಣಕ್ಕೂ ಅಡ್ಡಿಯಾದೀತು.

ಹೆತ್ತವರು ಹಟಕ್ಕೆ ಬರಿ ಗದರಿಕೆಯನ್ನೇ ಉತ್ತರವಾಗಿಸಬೇಕಿಲ್ಲ. ಟೈರಿನ ಗಾಳಿ, ಅದರ ಅಚ್ಚಿನ ಆಳ, ಬ್ರೇಕು ಪಟ್ಟಿಯ ದಪ್ಪ ಇವುಗಳ ಲೆಕ್ಕ ಇಡುವ ಹೊಣೆಯನ್ನು ಮಕ್ಕಳಿಗೇ ವಹಿಸಬಹುದು. ಬ್ರೇಕಿನ ದ್ರವವನ್ನು ಮರೆಯಬಾರದು. ಸಾಮಾನ್ಯವಾಗಿ ಬಳಸುವ 'ಡಾಟ್ 3' ದ್ರವ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿಕೊಂಡ ಮೇಲೆ ಅದು 140 ಡಿಗ್ರಿಗೇ ಕುದಿಯಬಹುದು. ಆಗ ಕೊಳವೆಯಲ್ಲಿ ಆವಿಯ ಗುಳ್ಳೆಗಳು. ದ್ರವ ಒತ್ತಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಘಟ್ಟದ ಇಳಿಜಾರಿನಲ್ಲಿ ಪೆಡಲ್ ನೆಲ ಮುಟ್ಟಿದರೂ ಕಾರು ನಿಲ್ಲದಿರುವುದಕ್ಕೆ ಇದೂ ಒಂದು ಕಾರಣ. ಎರಡು ವರ್ಷಕ್ಕೊಮ್ಮೆ ಈ ದ್ರವ ಬದಲಿಸಲು ತಗಲುವ ಖರ್ಚು ಒಂದು ಸೈಲೆನ್ಸರಿನ ಬೆಲೆಗಿಂತ ಬಹಳ ಕಡಿಮೆ.

ಕೊನೆಗೆ ವಿದ್ಯಾರ್ಥಿಗಳಿಗೊಂದು ಲೆಕ್ಕ. ಮನೆಯ ಸ್ಕೂಟರು 40 ಕಿ.ಮೀ. ವೇಗದಿಂದ ನಿಲ್ಲಲು ಬ್ರೇಕು ಹಿಡಿದ ಮೇಲೆ 10 ಮೀಟರ್ ಬೇಕೆನ್ನಿ. ಅದೇ ರಸ್ತೆ, ಅದೇ ಬ್ರೇಕು. ವೇಗ 60 ಕಿ.ಮೀ. ಆದರೆ ಎಷ್ಟು ಮೀಟರ್ ಬೇಕು? ಹದಿನೈದು ಎಂದು ಬರೆದವರು ಇನ್ನೊಮ್ಮೆ ಲೆಕ್ಕ ಮಾಡಲಿ. ಇಪ್ಪತ್ತೆರಡೂವರೆ ಎಂದವರಿಗೆ ಪೂರ್ಣ ಅಂಕ.