ಅಂಬಲಿ ಬಡವರ ಊಟ ಅಂದವರು ಯಾರು?

ಹೋದ ಮಳೆಗಾಲ ನಮ್ಮ ಗದ್ದೆಯಲ್ಲಿ ನೆಟ್ಟಿ ನಡೆದಿತ್ತು. ಹತ್ತೂವರೆ ಆಗಿರಬೇಕು. ಆಳುಗಳ ಜೊತೆ ಸಾಲಿನಲ್ಲಿದ್ದ ನಮ್ಮ ಮನೆಯಾಕೆ ಸಸಿಯ ಕಟ್ಟು ಕೈಯಲ್ಲಿ ಹಿಡಿದುಕೊಂಡೇ ಕೆಸರಿನಲ್ಲಿ ಕುಸಿದು ಕೂತಳು. ಎತ್ತಿ ಬದುವಿಗೆ ತಂದು, ಮುಖಕ್ಕೆ ನೀರು ಹಾಕಿ ಕೇಳಿದೆ, "ಮುಂಜಾನೆ ಏನ್ ತಿಂದಿದ್ದಿ?"

"ಚಾ ಕುಡದಿದ್ನೆಲ್ಲಾ. ಎರಡು ಖಾರಿ ತಿಂದೀನಿ."

ಐದಕ್ಕೆ ಎದ್ದು ಸಗಣಿ ಬಾಚಿ, ಹಾಲು ಹಿಂಡಿ, ಹತ್ತು ಆಳಿನ ಬುತ್ತಿ ಕಟ್ಟಿ, ಆಮೇಲೆ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ದುಡಿದ ಹೊಟ್ಟೆಗೆ ಬಿದ್ದದ್ದು ಅಷ್ಟೇ. ಆಸ್ಪತ್ರೆಯಲ್ಲಿ ರಕ್ತ ನೋಡಿದರು. ಹಿಮೋಗ್ಲೋಬಿನ್ 8.4. ಕಬ್ಬಿಣದ ಗುಳಿಗೆ ಕೊಟ್ಟ ಡಾಕ್ಟರು ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದರು, "ರೈತರ ಮನೀಯಾಗ ಮುಂಜಾನೆ ಊಟ ಇಲ್ಲೇನ್ರಿ?"

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದೆಯೇ? ಹಳಿಯಾಳ, ಜೋಯಿಡಾ, ದಾಂಡೇಲಿ, ಮುಂಡಗೋಡ, ಯಾವ ಕಡೆಯವರೇ ಆಗಿರಿ, ನಾಳೆ ಮುಂಜಾನೆ ನಿಮ್ಮ ಮನೆಯ ಹೆಣ್ಣುಮಕ್ಕಳು ಹೊಲಕ್ಕೆ ಹೋಗುವ ಮೊದಲು ಏನು ತಿಂದರು ಅಂತ ಒಮ್ಮೆ ನೋಡಿರಿ. ಇದು ನಮ್ಮ ಮನೆಯೊಂದರ ಕಥೆ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ನೂರು ಹೆಣ್ಣುಮಕ್ಕಳಲ್ಲಿ ಸುಮಾರು 48 ಮಂದಿಗೆ ರಕ್ತ ಕಡಿಮೆ.

ಇನ್ನು ನನ್ನ ತಪ್ಪು ಹೇಳ್ತೀನಿ. ನಮ್ಮ ಅವ್ವ ಇರುವ ತನಕ ಒಲೆಯ ಮಗ್ಗಲಿಗೆ ಅಂಬಲಿ ಗಡಿಗೆ ಇದ್ದೇ ಇರ್ತಿತ್ತು. ರಾಗಿ ಇದ್ದಾಗ ರಾಗಿದು, ಇಲ್ಲದಾಗ ಜೋಳದ ನುಚ್ಚಿಂದು. ಮಜ್ಜಿಗೆ, ಉಪ್ಪು, ಹೆಚ್ಚಿದ ಉಳ್ಳಾಗಡ್ಡಿ. ಅದನ್ನು ಕುಡಿದೇ ಅಪ್ಪ ನೇಗಿಲು ಹೂಡ್ತಿದ್ದ. ಒಮ್ಮೆ ಹುಬ್ಬಳ್ಳಿಯಿಂದ ನಮಗೆ ಬೇಕಾದ ನೆಂಟರು ಬಂದಿದ್ದರು. ಅವ್ವ ತಂಬಿಗೆಯಲ್ಲಿ ಅಂಬಲಿ ತಂದಳು. ನಾನು ಅಡುಗೆಮನೆ ಬಾಗಿಲಲ್ಲೇ ತಡೆದೆ. "ಏ ಅವ್ವಾ, ಅದನ್ನ ಒಳಗ ಇಡು. ಮರ್ಯಾದಿ ಹೋಗತೈತಿ." ಅಂಗಡಿಗೆ ಓಡಿ ಬಿಸ್ಕೀಟು, ಖಾರಿ ತಂದೆ. ಅವ್ವ ಏನೂ ಅನ್ನಲಿಲ್ಲ. ಆದರೆ ಮುಂದೆ ಯಾರೇ ಬಂದರೂ ಗಡಿಗೆಯ ಮೇಲೆ ಬುಟ್ಟಿ ಮುಚ್ಚಿ ಇಡ್ತಿದ್ದಳು. ಅವ್ವ ಹೋದ ಮೇಲೆ ಗಡಿಗೆಯೂ ಹೋಯಿತು. ಅವತ್ತು ನಾನು ಉಳಿಸಿದ ಮರ್ಯಾದೆ ಹೋದ ವರ್ಷ ಗದ್ದೆಯ ಕೆಸರಿನಲ್ಲಿ ಕುಸಿದು ಕೂತಿತು.

ಅದಕ್ಕೇ ಈ ಬರಹ. ಅಂಬಲಿ, ಗಂಜಿ ಬಡವರ ಊಟ ಅಂತ ನಮ್ಮ ತಲೆಗೆ ತುಂಬಿದವರು ಯಾರು? ಬೇರೆ ಯಾರೂ ಅಲ್ಲ, ನಾವೇ. ಎರಡಕ್ಷರ ಕಲಿತು, ಕೈಗೆ ನಾಲ್ಕು ಕಾಸು ಬಂದ ಕೂಡಲೇ ಮೊದಲು ಮನೆಯಿಂದ ಹೊರಗೆ ಹಾಕಿದ್ದು ಈ ಗಡಿಗೆಯನ್ನ.

ಈಗ ತಮಾಷೆ ನೋಡಿರಿ. ಅದೇ ನಾವು ಪೇಟೆಗೆ ಹೋಗಿ ಓಟ್ಸ್ ತರ್ತೀವಿ. ಕಿಲೋಗೆ ಇನ್ನೂರು ರೂಪಾಯಿ ಆಜುಬಾಜು. ಓಟ್ಸ್ ಅಂದ್ರೆ ಏನ್ರಿ? ಸ್ಕಾಟ್ಲೆಂಡಿನ ರೈತರ ಮುಂಜಾನೆಯ ಗಂಜಿ! ಅವರ ಗಂಜಿ ಡಬ್ಬಿಯಲ್ಲಿ ಬಂದರೆ ಆರೋಗ್ಯ, ನಮ್ಮ ಗಂಜಿ ಗಡಿಗೆಯಲ್ಲಿ ಇದ್ದರೆ ಬಡತನ. ಕಾರ್ನ್‌ಫ್ಲೇಕ್ಸ್ ಅಂದ್ರೆ? ನಮ್ಮ ಗೋವಿನಜೋಳ! ಹಳಿಯಾಳ, ಮುಂಡಗೋಡದಲ್ಲಿ ನಾವು ಎಕರೆಗಟ್ಟಲೆ ಬೆಳೀತೀವಿ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400, ಅಂದರೆ ಕಿಲೋಗೆ 24 ರೂಪಾಯಿ. ಅಷ್ಟೂ ಕೈಗೆ ಬರದೆ ಮಾರಿದವರು ನಮ್ಮಲ್ಲಿ ಎಷ್ಟು ಜನ ಇದ್ದೀರಿ, ನಿಮಗೇ ಗೊತ್ತು. ಅದೇ ಕಾಳು ಚಪ್ಪಟೆಯಾಗಿ ಡಬ್ಬಿ ಸೇರಿ ಬಂದರೆ ಕಿಲೋಗೆ ಮುನ್ನೂರು ದಾಟತೈತಿ. ಮಾರುವವರೂ ನಾವೇ, ಕೊಳ್ಳುವವರೂ ನಾವೇ!

ನಮ್ಮ ನಾಲ್ಕು ಊರ ಸುತ್ತ ಗಂಜಿಗೆ ಎಷ್ಟು ಹೆಸರು ಇದ್ದಾವೆ ಲೆಕ್ಕ ಹಾಕಿರಿ. ಬಯಲಿನ ಕಡೆಯವರಿಗೆ ಜೋಳದ ಅಂಬಲಿ, ಮಲೆನಾಡಿನವರಿಗೆ ಅಕ್ಕಿ ಗಂಜಿ, ಕೊಂಕಣಿ ಮನೆಗಳಲ್ಲಿ ಪೇಜ್. ಜೋಯಿಡಾ ಕಡೆ ರಾಗಿಗೆ ನಾಚಣಿ ಅಂತಾರೆ, ಅದರ ಅಂಬಲಿಗೆ ಆಂಬಿಲ್. ಅಲ್ಲಿ ಕುಣಬಿಗಳು ಹಿಂದೆ ಕಾಡಿನಲ್ಲಿ ಕುಮರಿ ಮಾಡಿ ನಾಚಣಿ ಬೆಳೆಯುತ್ತಿದ್ದರು. 19ನೇ ಶತಮಾನದಲ್ಲಿ ಬ್ರಿಟಿಷ್ ಸರ್ಕಾರ ಕುಮರಿಯನ್ನು ನಿರ್ಬಂಧಿಸಿತು. ಅವರಿಗೆ ತೇಗ ಬೇಕಾಗಿತ್ತು, ನಾಚಣಿ ಅಲ್ಲ. ಅಂದರೆ ಒಂದು ಸಲ ಈ ಕಾಳನ್ನು ನಮ್ಮ ಕೈಯಿಂದ ಕಾನೂನು ಕಸಿದುಕೊಂಡಿತು. ಎರಡನೇ ಸಲ ನಾವೇ ನಾಚಿಕೆಪಟ್ಟು ಬಿಟ್ಟೆವು.

ಮುಂಡಗೋಡ ಕ್ಯಾಂಪಿನ ಟಿಬೆಟಿನವರನ್ನು ನೋಡಿರಿ. 1966ರಲ್ಲಿ ಊರು, ಮನೆ ಎಲ್ಲಾ ಬಿಟ್ಟು ಇಲ್ಲಿಗೆ ಬಂದ ಜನ. ಬಾರ್ಲಿ ಹುರಿದು ಬೀಸಿದ ಹಿಟ್ಟನ್ನು ಬೆಣ್ಣೆ ಚಹಾದಲ್ಲಿ ಕಲಸುವ ತ್ಸಂಪಾ ಅವರ ಮೂಲ ಆಹಾರ. ದೇಶ ಹೋದರೂ ಆ ಹಿಟ್ಟಿನ ಮೇಲಿನ ಅಭಿಮಾನ ಅವರು ಬಿಡಲಿಲ್ಲ. ನಾವು ಇದ್ದ ಊರಲ್ಲೇ ಇದ್ದು ಬಿಟ್ಟೆವು.

ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ. ಕೀನ್ಯಾದಲ್ಲಿ ಇವತ್ತಿಗೂ ಅದರ ಗಂಜಿಗೆ ಉಜಿ ಅಂತಾರೆ, ಮುಂಜಾನೆ ಕುಡಿಯುತ್ತಾರೆ. ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ 'ಇಂಡಾಫ್' ತಳಿಗಳನ್ನು ಕೊಟ್ಟರು. ಆ ಮನುಷ್ಯನಿಗೆ ಜನ ಇಟ್ಟ ಹೆಸರೇ ರಾಗಿ ಲಕ್ಷ್ಮಣಯ್ಯ. ಹೆಸರಿಗೆ ಮುಂದೆ ರಾಗಿ ಅಂಟಿಕೊಂಡರೆ ಅಲ್ಲಿ ಗೌರವ. ನಮ್ಮಲ್ಲಿ ತಂಬಿಗೆಗೆ ರಾಗಿ ಅಂಟಿಕೊಂಡರೆ ಮರ್ಯಾದೆ ಹೋಗುತ್ತದೆ!

ಈಗ ರೊಕ್ಕದ ಲೆಕ್ಕ. ಒಬ್ಬರಿಗೆ ಒಂದು ಹೊತ್ತಿಗೆ 40 ಗ್ರಾಂ ರಾಗಿ ಹಿಟ್ಟು ಹಿಡಿಯಿರಿ. ಐದು ಮಂದಿಗೆ 200 ಗ್ರಾಂ. ರಾಗಿ ಕೊಂಡು ತಂದರೂ, ಕಿಲೋಗೆ 50 ರೂಪಾಯಿಯಂತೆ ದಿನಕ್ಕೆ 10 ರೂಪಾಯಿ. ಮಜ್ಜಿಗೆ ಮನೆದು. ಉಪ್ಪು, ಉಳ್ಳಾಗಡ್ಡಿ ಸೇರಿಸಿ 15 ಅನ್ನಿರಿ. ಇನ್ನು ಚಾ-ಖಾರಿಯ ಲೆಕ್ಕ. ಅರ್ಧ ಲೀಟರ್ ಹಾಲು, ಸಕ್ಕರೆ, ಚಾ ಪುಡಿ, ಎರಡು ಬಿಸ್ಕೀಟು ಪುಡಿಕೆ ಅಥವಾ ಖಾರಿ. 55 ರೂಪಾಯಿಗೆ ಕಡಿಮೆ ಇಲ್ಲ, ನಾನು ಒಂದು ವಾರ ಬರೆದಿಟ್ಟು ನೋಡಿದ್ದೀನಿ. ದಿನಕ್ಕೆ 40 ರೂಪಾಯಿ ವ್ಯತ್ಯಾಸ, ವರ್ಷಕ್ಕೆ 14,600. ಯೂರಿಯಾ ಚೀಲಕ್ಕೆ ಹತ್ತು ರೂಪಾಯಿ ಹೆಚ್ಚು ತಗೊಂಡರೆ ಸೊಸೈಟಿ ಮುಂದೆ ಜಗಳ ತೆಗೀತೀವಿ. ಈ ಹದಿನಾಲ್ಕು ಸಾವಿರದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಹೊಟ್ಟೆಯ ಲೆಕ್ಕ ಇದಕ್ಕಿಂತ ದೊಡ್ಡದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿ ಹೀಗೆ ಹೇಳುತ್ತದೆ: 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದಂಶ, ಪಾಲಿಶ್ ಅಕ್ಕಿಯಲ್ಲಿ ಹತ್ತೂ ಇಲ್ಲ. ಕಬ್ಬಿಣ ರಾಗಿಯಲ್ಲಿ 4.6, ಅಕ್ಕಿಯಲ್ಲಿ ಒಂದಕ್ಕಿಂತ ಕಡಿಮೆ. ನಾರು ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3ರ ಒಳಗೆ. ಖಾರಿ, ಟೋಸ್ಟಿನಲ್ಲಿ ಏನಿದೆ? ಮೈದಾ, ಡಾಲ್ಡಾ, ಸಕ್ಕರೆ. ಮೇಲಿಂದ ಉಂಡ ಕೂಡಲೇ ಕುಡಿದ ಚಾ ಊಟದಲ್ಲಿದ್ದ ಕಬ್ಬಿಣವನ್ನೂ ಮೈಗೆ ಹತ್ತಲು ಬಿಡುವುದಿಲ್ಲ. ರಕ್ತ ಕಡಿಮೆ ಇದ್ದವರು ಊಟಕ್ಕೂ ಚಾಕ್ಕೂ ನಡುವೆ ಒಂದು ತಾಸು ಬಿಡಬೇಕು.

ಸುಳ್ಳು ಹೇಳಲ್ಲ, ರಾಗಿಗೂ ಕೊರತೆ ಇದೆ. ಪ್ರೋಟೀನು ಅಕ್ಕಿಗಿಂತ ಹೆಚ್ಚೇನಿಲ್ಲ. ಅದಕ್ಕೇ ಜೊತೆಗೆ ಮಜ್ಜಿಗೆ, ಒಂದು ಮುಷ್ಟಿ ಹುರಿದ ಶೇಂಗಾ ಅಥವಾ ಒಂದು ತತ್ತಿ ಬೇಕು. ರಾಗಿಯ ಕಬ್ಬಿಣ ಪೂರ್ತಿ ಮೈಗೆ ಹತ್ತುವುದಿಲ್ಲ. ಹುಳಿ ಬರಿಸಿದರೆ, ಮೊಳಕೆ ಕಟ್ಟಿ ಬೀಸಿದರೆ ಹತ್ತುವುದು ಹೆಚ್ಚುತ್ತದೆ. ಹಿಟ್ಟು ಕಲಸಿ ರಾತ್ರಿ ಇಡುವ ಪದ್ಧತಿ ಸುಮ್ಮನೆ ಬಂದದ್ದಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೂ ಒಂದು ಮಾತು. ರಾಗಿ ಅಂದ ಕೂಡಲೇ ಎಷ್ಟಾದರೂ ಕುಡಿಯಬಹುದು ಅಂತ ಅಲ್ಲ. ನುಣ್ಣಗೆ ಬೀಸಿ ನೀರಾಗಿ ಕಾಸಿದ ಗಂಜಿ ಬೇಗ ಸಕ್ಕರೆ ಏರಿಸುತ್ತದೆ. ತರಿ ನುಚ್ಚು ಹಾಕಿರಿ, ಬೆಲ್ಲ ಬಿಡಿರಿ, ಅಳತೆಯಲ್ಲಿ ಕುಡಿಯಿರಿ, ಡಾಕ್ಟರಿಗೆ ಕೇಳಿರಿ.

"ಈಗ ಯಾರಿಗೆ ಟೈಮ್ ಐತ್ರಿ?" ಅಂತ ಕೇಳುವವರಿಗೆ: ರಾತ್ರಿ ಮಲಗುವ ಮುಂಚೆ ಹಿಟ್ಟನ್ನು ನೀರಲ್ಲಿ ಗಂಟಿಲ್ಲದಂತೆ ಕಲಸಿ ಮುಚ್ಚಿಡಬೇಕು. ಎರಡು ನಿಮಿಷ. ಮುಂಜಾನೆ ಉಪ್ಪು ಹಾಕಿ ನೀರು ಕುದಿಸಿ, ಅದನ್ನು ಹೊಯ್ದು ಹತ್ತು ನಿಮಿಷ ಕೈ ಬಿಡದೆ ತಿರುವಬೇಕು. ಆರಿದ ಮೇಲೆ ಮಜ್ಜಿಗೆ, ಉಳ್ಳಾಗಡ್ಡಿ, ಜೀರಿಗೆ, ಒಂದು ಎಸಳು ಜಜ್ಜಿದ ಬಳ್ಳೊಳ್ಳಿ. ಚಾ ಕಾಸಿ, ಸೋಸಿ, ಅಂಗಡಿಗೆ ಹೋಗಿ ಖಾರಿ ತರುವಷ್ಟು ಹೊತ್ತೂ ಹಿಡಿಯುವುದಿಲ್ಲ. ಅಕ್ಕಿಯೇ ಬೇಕು ಅನ್ನುವವರು ಕುಚ್ಚಲಕ್ಕಿ ಗಂಜಿ ಮಾಡಿರಿ. ಗಂಜಿ ಬಸಿದು ಚೆಲ್ಲಬೇಡಿರಿ.

"ಮಕ್ಕಳು ಕುಡಿಯಂಗಿಲ್ರಿ" ಅನ್ನುವವರಿಗೆ: 2024ರಿಂದ ಸರ್ಕಾರಿ ಶಾಲೆಯಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಿದ್ದಾರೆ. ನಿಮ್ಮ ಮಕ್ಕಳೇ ಸಾಲಿನಲ್ಲಿ ನಿಂತು ಕುಡಿಯುತ್ತಿದ್ದಾರೆ. ಶಾಲೆಯಲ್ಲಿ ಕುಡಿಯುವ ಮಗ ಮನೆಯಲ್ಲಿ ಬೇಡ ಅಂದರೆ ತಪ್ಪು ರಾಗಿಯದಲ್ಲ. ಅಪ್ಪ ಮುಂದೆ ಕೂತು ಬಿಸ್ಕೀಟು ಅದ್ದಿ ತಿನ್ನುತ್ತಿದ್ದರೆ ಮಗ ಅಂಬಲಿ ಯಾಕೆ ಕುಡಿದಾನು?

"ರೇಷನ್ ಅಕ್ಕಿ ಬರತೈತಿ, ರಾಗಿ ಯಾಕ?" 2013ರಲ್ಲಿ ಅನ್ನಭಾಗ್ಯ ಬಂದು ಎಷ್ಟೋ ಮನೆಗಳ ಹಸಿವು ಹೋಯಿತು. ನಾನು ಅದರ ವಿರೋಧಿ ಅಲ್ಲ. ಆದರೆ ಮುಂಜಾನೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ ಅಂದರೆ ಹೊಟ್ಟೆ ತುಂಬುತ್ತದೆ, ರಕ್ತ ತುಂಬುವುದಿಲ್ಲ.

ಈಗ ಹೊಲದ ಮಾತಿಗೆ ಬರ್ತೀನಿ. ಐದು ಮಂದಿಯ ಮನೆಗೆ ದಿನಕ್ಕೆ 200 ಗ್ರಾಂ ಅಂದರೆ ವರ್ಷಕ್ಕೆ 73 ಕಿಲೋ. ಮಳೆಯಾಶ್ರಿತ ರಾಗಿ ಎಕರೆಗೆ ಐದೇ ಕ್ವಿಂಟಲ್ ಬರುತ್ತದೆ ಅಂತ ಕಡಿಮೆಯೇ ಹಿಡಿದರೂ ಗುಂಟೆಗೆ ಹನ್ನೆರಡು ಕಿಲೋ. ಆರು ಗುಂಟೆ ಸಾಕು. ಕಬ್ಬು, ಗೋವಿನಜೋಳ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ನೀರು ನಿಲ್ಲದ ಮೇಲಿನ ತುಂಡು, ಗದ್ದೆಯ ಮೇಲ್ಬದಿಯ ಹಕ್ಕಲು, ಯಾವುದಾದರೂ ಆರು ಗುಂಟೆ. ಜೂನ್‌ನಲ್ಲಿ ಮಡಿಗೆ ಬೀಜ ಚೆಲ್ಲಿ, 20-25 ದಿನದ ಸಸಿ ನೆಟ್ಟರೆ ಆಯಿತು. ಬೀಜ ಅರ್ಧ ಕಿಲೋ ಸಹ ಬೇಡ. ಜಿಪಿಯು-28 ತಳಿ 110-115 ದಿನಕ್ಕೆ ಕೊಯ್ಲಿಗೆ ಬರುತ್ತದೆ, ಬೆಂಕಿ ರೋಗ ತಡೆಯುತ್ತದೆ. ಹುಲ್ಲು ದನಕ್ಕೆ. ಚೆನ್ನಾಗಿ ಒಣಗಿಸಿಟ್ಟರೆ ಕಾಳಿಗೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ನವಿಲು, ಗುಬ್ಬಿ ಕಾಟ ಇದ್ದೇ ಇದೆ, ಅವುಗಳ ಪಾಲಿಗೆ ಒಂದು ಗುಂಟೆ ಹೆಚ್ಚು ಹಾಕಿರಿ.

ನಮ್ಮ ಮನೆಯಾಕೆ ಈಗ ಹೇಗಿದ್ದಾಳೆ ಅಂತ ಕೇಳಬಹುದು. ಅಂಬಲಿ ಕುಡಿದು ಗುಣವಾದಳು ಅಂತ ಬರೆದರೆ ಸುಳ್ಳಾಗುತ್ತದೆ. ಮೂರು ತಿಂಗಳು ತಪ್ಪದೆ ಗುಳಿಗೆ ನುಂಗಿದಳು. ಹಿಮೋಗ್ಲೋಬಿನ್ 10.9ಕ್ಕೆ ಬಂತು. ಈಗಲೂ ಪೂರ್ತಿ ಆಗಿಲ್ಲ. ಆದರೆ ಖಾಲಿ ಹೊಟ್ಟೆಯಲ್ಲಿ ಗದ್ದೆಗೆ ಇಳಿಯುವುದು ನಿಂತಿದೆ. ಅದಕ್ಕೆ ಕಾರಣ ರಾಗಿ ಒಂದೇ ಅಲ್ಲ. ಮುಂಜಾನೆ ಅಂಬಲಿ ತಿರುವುವುದು ಈಗ ನನ್ನ ಕೆಲಸ. ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದು ಆಕೆಗೆ ಅನ್ನುವ ಪದ್ಧತಿ ಇಟ್ಟುಕೊಂಡು ರಾಗಿ ಬೆಳೆದರೂ ಅಷ್ಟೇ, ಓಟ್ಸ್ ತಂದರೂ ಅಷ್ಟೇ. ಗಂಡಸರೇ, ಈ ಬರಹದಲ್ಲಿ ಉಳಿದದ್ದೆಲ್ಲಾ ಮರೆತರೂ ಇದೊಂದು ನೆನಪಿಡಿ: ಮೊದಲ ತಂಬಿಗೆ ಗದ್ದೆಗೆ ಹೋಗುವ ಹೆಣ್ಣುಮಗಳಿಗೆ.

ಹೋದ ವಾರ ಅದೇ ಹುಬ್ಬಳ್ಳಿ ನೆಂಟರು ಬಂದಿದ್ದರು. ಈ ಸಲ ಅಂಗಡಿಗೆ ಓಡಲಿಲ್ಲ. ತಂಬಿಗೆ ತಂದು ಮುಂದೆ ಇಟ್ಟೆ. ಹಿರಿಯರು ಒಂದು ಗುಟುಕು ಕುಡಿದು, "ನಿಮ್ಮ ಅವ್ವ ಇದ್ದಾಗ ಒಮ್ಮೆನೂ ಕೊಡಲಿಲ್ಲ ನೋಡು" ಅಂದರು. ತಡೆದವನು ನಾನೇ ಅಂತ ಹೇಳಲಿಕ್ಕೆ ಬಾಯಿ ಬರಲಿಲ್ಲ. ಅವರಿಗೆ ಹೇಳದ್ದನ್ನು ಇಲ್ಲಿ ನಿಮಗೆ ಹೇಳಿದ್ದೀನಿ.

ನನ್ನ ಹತ್ತಿರ ಬಿತ್ತನೆಗೆ ಆಗುವ ರಾಗಿ ಇಪ್ಪತ್ತು ಕಿಲೋ ಇದೆ. ಆರು ಗುಂಟೆ ಹಾಕುವ ಮನಸ್ಸಿದ್ದವರು ಮೇ ತಿಂಗಳ ಒಳಗೆ ಬಂದು ಅರ್ಧರ್ಧ ಕಿಲೋ ಒಯ್ಯಿರಿ. ರೊಕ್ಕ ಬೇಡ. ಸುಗ್ಗಿಯಾದ ಮೇಲೆ ಒಂದು ಕಿಲೋ ತಿರುಗಿ ಕೊಡಿರಿ, ಮುಂದಿನವರಿಗೆ ಆಗುತ್ತದೆ. ಬಂದಾಗ ಒಂದು ತಂಬಿಗೆ ಅಂಬಲಿ ಕುಡಿದೇ ಹೋಗಬೇಕು.