ಡಂಗುರ ಮತ್ತು ಮರುಮಾತು

ನಮ್ಮ ಬಾಲ್ಯದಲ್ಲಿ ಡಂಗುರದ ಸದ್ದು ಕೇಳಿದೊಡನೆ ಮನೆಮಂದಿಯೆಲ್ಲ ಅಂಗಳಕ್ಕೆ ಬರುತ್ತಿದ್ದೆವು. ಸಾರುವವನು ಸಾರಿ ಮುಂದಿನ ಓಣಿಗೆ ನಡೆಯುತ್ತಿದ್ದನು. ಮರುಮಾತು ಕೇಳಲು ನಿಲ್ಲುತ್ತಿರಲಿಲ್ಲ.

ಇಂದು ಅನೇಕ ನಗರಾಡಳಿತಗಳು ಇ-ಮೇಲ್ ಮೂಲಕ ನಿವಾಸಿಗಳಿಗೆ ಸುದ್ದಿ ಮುಟ್ಟಿಸುತ್ತಿವೆ. ಈ ದಾರಿಯನ್ನು ಮೊದಲಿಗೆ ತುಳಿದ ನಗರಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಾಂಟಾ ಮೋನಿಕಾ ಒಂದು. 1989ರಲ್ಲಿ ಅಲ್ಲಿಯ ಆಡಳಿತವು ‘ಪೆನ್’ ಎಂಬ ಕಂಪ್ಯೂಟರ್ ಜಾಲವನ್ನು ನಿವಾಸಿಗಳಿಗೆ ಉಚಿತವಾಗಿ ತೆರೆಯಿತು. ನಗರಸಭೆಯ ಕಾರ್ಯಸೂಚಿಯನ್ನು ಅದರಲ್ಲಿ ಓದಬಹುದಿತ್ತು. ಅಧಿಕಾರಿಗಳಿಗೆ ನೇರವಾಗಿ ಪತ್ರ ಬರೆಯಬಹುದಿತ್ತು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗಾಗಿ ಗ್ರಂಥಾಲಯಗಳಲ್ಲಿ ಯಂತ್ರಗಳನ್ನಿರಿಸಲಾಗಿತ್ತು.

ಆ ಯಂತ್ರಗಳ ಮುಂದೆ ಮನೆಯೇ ಇಲ್ಲದವರೂ ಬಂದು ಕುಳಿತರು. ಮಿಂದು ಶುಚಿಯಾಗದೆ ಕೆಲಸ ಕೇಳಲು ಹೋಗುವುದೆಂತು ಎಂಬ ತಮ್ಮ ಸಂಕಟವನ್ನು ತೋಡಿಕೊಂಡರು. ಮನೆಯುಳ್ಳ ನಾಗರಿಕರು ಅವರೊಡನೆ ಕೂಡಿ ಸ್ನಾನಗೃಹ, ಬಟ್ಟೆ ಒಗೆಯುವ ಸೌಕರ್ಯ, ಗಂಟುಮೂಟೆ ಇಡಲು ಬೀಗದ ಪೆಟ್ಟಿಗೆಗಳ ಬೇಡಿಕೆಯನ್ನು ನಗರಸಭೆಯ ಮುಂದಿಟ್ಟರು. ಅದಕ್ಕಾಗಿ ನಗರಸಭೆಯು ಹಣ ಒದಗಿಸಿತು. ಮುಂದೆ ಕೆಲವರ ಕಲಹದ ಮಾತುಗಳಿಂದ ಆ ಜಾಲದ ಚರ್ಚೆ ಕಳೆಗುಂದಿತೆಂಬುದೂ ನಿಜ. ಆದರೂ ದನಿಯಿಲ್ಲದವರ ಮಾತನ್ನು ಆಡಳಿತವು ಒಮ್ಮೆ ಕೇಳಿತ್ತು.

ತಿಳಿಸುವುದರಿಂದ ಆಡಳಿತದ ಕರ್ತವ್ಯ ಅರ್ಧವಷ್ಟೇ ಮುಗಿಯುತ್ತದೆ, ಕೇಳುವುದು ಉಳಿದರ್ಧ. ಪಂಚಾಯಿತಿಯ ಸುದ್ದಿ ಇಂದು ನಮ್ಮ ಮೊಬೈಲಿಗೆ ಬಂದರೆ, ಅದಿಲ್ಲದ ನೆರೆಮನೆಯ ಅಜ್ಜಿಗೂ ಓದಿ ಹೇಳೋಣ. ಆಕೆಯ ಮರುಮಾತನ್ನು ಗ್ರಾಮಸಭೆಗೆ ಮುಟ್ಟಿಸುವ ಹೊಣೆಯೂ ನಮ್ಮದೇ.