ಗಾಳವೂ ಪಾಠವೂ

ಪದವಿ ಕೈಗೆ ಬಂದಲ್ಲಿಗೆ ವಿದ್ಯೆ ಮುಗಿಯಿತೆಂದು ಯಾವ ಪ್ರಾಜ್ಞರೂ ಭಾವಿಸಿದವರಲ್ಲ. ತೈತ್ತಿರೀಯೋಪನಿಷತ್ತಿನ ಗುರು, ವಿದ್ಯೆ ಮುಗಿಸಿದ ಶಿಷ್ಯನನ್ನು ಬೀಳ್ಕೊಡುವಾಗಲೂ ಸ್ವಾಧ್ಯಾಯದಲ್ಲಿ ಎಚ್ಚರ ತಪ್ಪದಿರುವಂತೆ ವಿಧಿಸುತ್ತಾನೆ. ಅಂದು ಉಪದೇಶವಾಗಿದ್ದುದು ಇಂದು ಹಲವು ವೃತ್ತಿಗಳಲ್ಲಿ ಕಾನೂನೇ ಆಗಿದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಪಶುವೈದ್ಯನು ತನ್ನ ಪರವಾನಗಿಯನ್ನು ನವೀಕರಿಸಿಕೊಳ್ಳಬೇಕಾದರೆ ಗೊತ್ತುಪಡಿಸಿದಷ್ಟು ಗಂಟೆಗಳ ಮುಂದುವರಿಕೆ ಶಿಕ್ಷಣವನ್ನು ಪಡೆದಿರತಕ್ಕದ್ದು. ಕ್ಯಾಲಿಫೋರ್ನಿಯದಲ್ಲಿ ಇದು ಎರಡು ವರ್ಷಕ್ಕೆ 36 ಗಂಟೆ.

ಈ ಗಂಟೆಗಳನ್ನು ಪೂರೈಸಲು ಅಲ್ಲಿ ದಾರಿಗಳು ಹಲವು. ಪಟ್ಟಣದ ಹೋಟೆಲಿನ ಸಭಾಂಗಣದಲ್ಲಿ ಉಪನ್ಯಾಸ ಕೇಳಬಹುದು. ಮನೆಯಲ್ಲಿಯೇ ಕಂಪ್ಯೂಟರಿನ ಮುಂದೆ ಕುಳಿತು ಕಲಿಯಬಹುದು. ಇವೆರಡನ್ನೂ ಬಿಟ್ಟ ಇನ್ನೊಂದು ದಾರಿಯೂ ಉಂಟು. ನದಿಯ ಸಮೀಪದ ವಸತಿಯೊಂದರಲ್ಲಿ ತಂಗಿ, ದಿನದ ಒಂದು ಭಾಗವನ್ನು ಪಾಠಕ್ಕೂ ಇನ್ನೊಂದು ಭಾಗವನ್ನು ನುರಿತ ಮಾರ್ಗದರ್ಶಿಯೊಡನೆ ಫ್ಲೈ ಫಿಶಿಂಗಿಗೂ ಮೀಸಲಿಡುವುದು. ಇದು ನಮ್ಮ ಕೆರೆಯಂಚಿನ ಎರೆಹುಳುವಿನ ಗಾಳವಲ್ಲ. ಗರಿ, ರೋಮ, ದಾರಗಳಿಂದ ಕೊಕ್ಕೆಯ ಮೇಲೆ ಹುಳುವಿನ ಆಕಾರವನ್ನು ಕಟ್ಟಿ, ಅದನ್ನು ನಿಜವಾದ ಹುಳುವೇ ತೇಲಿಬಂದಂತೆ ನೀರಿನ ಮೇಲೆ ಇಳಿಸುವ ವಿದ್ಯೆ. ಯಾವ ತಿಂಗಳಲ್ಲಿ, ಯಾವ ಹೊತ್ತಿನಲ್ಲಿ, ಯಾವ ಹುಳು ನೀರಿನಿಂದ ಹೊರಡುತ್ತದೆಂಬುದನ್ನು ಬಲ್ಲವನಿಗೆ ಮಾತ್ರ ಟ್ರೌಟ್ ಮೀನು ಒಲಿಯುತ್ತದೆ.

ಇಂಥ ಏರ್ಪಾಡಿನ ಸುದ್ದಿಯನ್ನು ಕೇಳಿದೊಡನೆ ಯಾರಿಗಾದರೂ ತುಟಿಯಂಚಿನಲ್ಲಿ ನಗು ಮೂಡುವುದು ಸಹಜ. ವಿಹಾರಕ್ಕೆ ವಿದ್ಯೆಯ ಅಂಗಿಯನ್ನು ತೊಡಿಸಿದ್ದಾರೆ ಎನ್ನಬಹುದು. ಈ ಸಂದೇಹಕ್ಕೆ ಆಧಾರವಿಲ್ಲವೆನ್ನುವಂತಿಲ್ಲ. ವೃತ್ತಿಯ ಕೌಶಲವನ್ನು ಕಾಪಾಡಿಕೊಳ್ಳುವುದಕ್ಕೆ ಮಾಡಿದ ವೆಚ್ಚಕ್ಕೆ ಆ ದೇಶದ ತೆರಿಗೆಯಲ್ಲಿ ವಿನಾಯಿತಿ ದೊರೆಯಬಹುದು. ಕೇವಲ ವಿಹಾರಕ್ಕೆ ದೊರೆಯದು. ಹೀಗಿರುವಲ್ಲಿ ರಜೆಯನ್ನು ಅಧ್ಯಯನವೆಂದು ಕರೆಯುವ ಆಸೆ ಹುಟ್ಟದಿರುವುದೇ?

ಆದರೆ ಆ ವೃತ್ತಿಯ ಇನ್ನೊಂದು ಮುಖವನ್ನೂ ನೋಡುವುದು ನ್ಯಾಯ. 1979ರಿಂದ 2015ರವರೆಗಿನ ಮರಣಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಮೆರಿಕದ ಪಶುವೈದ್ಯರಲ್ಲಿ ಆತ್ಮಹತ್ಯೆಯ ಪ್ರಮಾಣವು ಸಾಮಾನ್ಯ ಜನರಲ್ಲಿರುವುದಕ್ಕಿಂತ ಹೆಚ್ಚೆಂದು ತೋರಿಸಿತು: ಪುರುಷರಲ್ಲಿ ಎರಡು ಪಟ್ಟಿಗೂ ಮೇಲೆ, ಸ್ತ್ರೀಯರಲ್ಲಿ ಸುಮಾರು ಮೂರೂವರೆ ಪಟ್ಟು. ಮೂಕಪ್ರಾಣಿಯ ನೋವನ್ನು ನೋಡುತ್ತ, ಅದನ್ನು ಸಾಕಿದವರ ಕಣ್ಣೀರನ್ನು ಎದುರಿಸುತ್ತ, ಉಳಿಸಲಾಗದ ಜೀವಕ್ಕೆ ತಾವೇ ಸೂಜಿಮದ್ದಿನಿಂದ ಕೊನೆಯ ನಿದ್ರೆಯನ್ನು ಕೊಡಬೇಕಾದವರು ಅವರು. ಅಂಥವರು ನಾಲ್ಕು ದಿನ ಹರಿಯುವ ನೀರಿನಲ್ಲಿ ಮೊಣಕಾಲುದ್ದ ನಿಂತು ಬಂದರೆ ಅದನ್ನು ಹಗುರವಾಗಿ ಕಾಣುವುದು ತರವಲ್ಲ. ವಿಶ್ರಾಂತಿ ಅವರಿಗೆ ಭೋಗವಲ್ಲ, ಪಥ್ಯ.

ಹಾಗಾದರೆ ಆಕ್ಷೇಪಕ್ಕೆ ಎಡೆಯೆಲ್ಲಿ? ವಿಶ್ರಾಂತಿಯೂ ವಿದ್ಯೆಯೂ ಒಂದೆಡೆ ಸೇರುವುದರಲ್ಲಿ ತಪ್ಪಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದೆ ಅಕ್ಕಪಕ್ಕದಲ್ಲಿ ಕುಳಿತಿರುವುದರಲ್ಲಿ ತಪ್ಪಿದೆ. ಬೆಳಗ್ಗೆ ನಾಯಿಯ ಹಲ್ಲಿನ ರೋಗದ ಮೇಲೆ ಉಪನ್ಯಾಸ, ಮಧ್ಯಾಹ್ನ ಗಾಳ ಎಂದಾದರೆ ನದಿಯು ನಾಟಕದ ಹಿಂಪರದೆಯಷ್ಟೇ ಆಗುತ್ತದೆ. ನದಿಯೇ ಪಾಠವಾಗುವಂತಿದ್ದರೆ ಮಾತು ಬೇರೆ. ಹಾಗೆ ಆಗಲು ಸಾಧ್ಯವೆಂಬುದಕ್ಕೆ ಮೊಂಟಾನ ರಾಜ್ಯದ ಎರಡು ನದಿಗಳೇ ಸಾಕ್ಷಿ.

ಅಲ್ಲಿನ ಮ್ಯಾಡಿಸನ್ ನದಿ ಟ್ರೌಟ್ ಮೀನಿಗೆ ಹೆಸರಾದುದು. 1994ರಲ್ಲಿ ಆ ನದಿಯ ಮೀನುಗಳಲ್ಲಿ ಗಿರಕಿ ರೋಗವೊಂದು ಕಂಡುಬಂದಿತು. ಕಣ್ಣಿಗೆ ಕಾಣದ ಪರೋಪಜೀವಿಯೊಂದು ಎಳೆಯ ಮೀನಿನ ಮೃದ್ವಸ್ಥಿಯನ್ನು ಹೊಕ್ಕು ಕೆಡಿಸುತ್ತದೆ. ಬೆನ್ನು ಸೊಟ್ಟಗಾಗಿ, ಬಾಲ ಕಪ್ಪೇರಿ, ಮೀನು ತನ್ನ ಸುತ್ತ ತಾನೇ ಗಿರಗಿರನೆ ತಿರುಗುತ್ತದೆ. ಈ ಜೀವಿಯ ಬಾಳು ಮೀನೊಂದರಲ್ಲಿಯೇ ಪೂರ್ಣವಾಗುವುದಿಲ್ಲ. ನಡುವೆ ಕೆಸರಿನ ಒಂದು ಹುಳುವನ್ನೂ ಅದು ಆಶ್ರಯಿಸಬೇಕು. ನದಿಯ ಕೆಲವೆಡೆ ರೇನ್‌ಬೋ ಟ್ರೌಟ್‌ಗಳ ಸಂಖ್ಯೆ 100ಕ್ಕೆ 90ರಷ್ಟು ಕುಸಿಯಿತು. ಯೂರೋಪಿನಿಂದ ಬಂದ ಕಂದು ಟ್ರೌಟ್ ಮಾತ್ರ ಬಹುಮಟ್ಟಿಗೆ ತಾಳಿಕೊಂಡಿತು. ಆ ರೋಗದ ಮೂಲವೂ ಯೂರೋಪೇ ಆದುದರಿಂದ ಅದಕ್ಕೆ ಹಳೆಯ ಪರಿಚಯವಿದ್ದಿತು. ಈ ರೋಗದ ಬೀಜವು ಗಾಳಗಾರನ ಬೂಟಿಗೆ ಅಂಟಿದ ಕೆಸರಿನಲ್ಲಿಯೂ ಒಂದು ನದಿಯಿಂದ ಇನ್ನೊಂದಕ್ಕೆ ಸಾಗಬಲ್ಲದು.

ಎರಡನೆಯದು ಯೆಲ್ಲೊಸ್ಟೋನ್ ನದಿ. 2016ರ ಆಗಸ್ಟ್ ತಿಂಗಳಿನಲ್ಲಿ ಮೂತ್ರಪಿಂಡಕ್ಕೆ ತಗಲುವ ಒಂದು ರೋಗದಿಂದ ಅಲ್ಲಿ ಸಾವಿರಾರು ವೈಟ್‌ಫಿಶ್ ಮೀನುಗಳು ಸತ್ತು ತೇಲಿದುವು. ನೀರು ಇಳಿದು ಬೆಚ್ಚಗಾಗಿದ್ದುದು ರೋಗಕ್ಕೆ ಬಲ ಕೊಟ್ಟಿತು. ಸರ್ಕಾರವು 183 ಮೈಲಿಗಳಷ್ಟು ನದಿಯಲ್ಲಿ ಗಾಳ, ದೋಣಿ, ಈಜು ಎಲ್ಲವನ್ನೂ ನಿಲ್ಲಿಸಿತು. ಮೀನಿನ ಕಾಯಿಲೆಯಿಂದ ಮಾರ್ಗದರ್ಶಿಗಳ ಮತ್ತು ದೋಣಿಯವರ ಅನ್ನಕ್ಕೆ ಕಲ್ಲು ಬಿದ್ದಿತು.

ಪಶುವೈದ್ಯನಿಗೆ ಇದಕ್ಕಿಂತ ಉತ್ತಮವಾದ ಪಾಠವನ್ನು ಯಾವ ಸಭಾಂಗಣ ಕೊಟ್ಟೀತು? ಒಂದು ಪ್ರಾಣಿಯ ರೋಗವೆಂಬುದು ನೀರು, ಕೆಸರು, ಹುಳು, ಬಿಸಿಲು, ಮನುಷ್ಯನ ಬೂಟು ಇವೆಲ್ಲ ಕೂಡಿ ನೇಯ್ದ ಬಲೆಯೆಂಬುದನ್ನು ಅಲ್ಲಿ ಕಣ್ಣಾರೆ ಕಾಣಬಹುದು. ಹಿಡಿದ ಮೀನನ್ನು ಮತ್ತೆ ಬಿಡುವುದು ಅಲ್ಲಿ ಬಳಕೆಯಲ್ಲಿರುವ ಪದ್ಧತಿ. ಒದ್ದೆಗೈಯಿಂದಲೇ ಏಕೆ ಮುಟ್ಟಬೇಕು, ನೀರಿನ ಹೊರಗೆ ಏಕೆ ಹೆಚ್ಚು ಹೊತ್ತು ಹಿಡಿಯಬಾರದು, ನೀರು ಬೆಚ್ಚಗಾದ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಗಾಳವನ್ನೇ ಏಕೆ ನಿಷೇಧಿಸುತ್ತಾರೆ ಎಂಬ ಪ್ರಶ್ನೆಗಳು ದೇಹಶಾಸ್ತ್ರದ ಪ್ರಶ್ನೆಗಳೇ. ಇಷ್ಟು ನಡೆದಲ್ಲಿ ಮಾರ್ಗದರ್ಶಿಯೂ ಅಧ್ಯಾಪಕನೇ ಆಗುತ್ತಾನೆ. ಇಂಗ್ಲಿಷ್ ಸಾಹಿತ್ಯವನ್ನು ಬಲ್ಲವರಿಗೆ ಇದು ಹೊಸತೆನಿಸದು. ಐಸಾಕ್ ವಾಲ್ಟನ್ 1653ರಲ್ಲಿ ಪ್ರಕಟಿಸಿದ ‘ದಿ ಕಂಪ್ಲೀಟ್ ಆಂಗ್ಲರ್’ ಗ್ರಂಥವು, ಗಾಳಗಾರನೊಬ್ಬನು ದಾರಿಯಲ್ಲಿ ಜೊತೆಯಾದವನನ್ನು ಶಿಷ್ಯನನ್ನಾಗಿ ಮಾಡಿಕೊಂಡು ನದಿಯ ದಡದಲ್ಲಿ ಪಾಠ ಹೇಳುವ ಸಂವಾದವೇ ಆಗಿದೆ.

ಆದುದರಿಂದ ಇಂಥ ಪ್ರವಾಸಗಳನ್ನು ಏರ್ಪಡಿಸುವವರಿಗೂ, ಅವುಗಳಿಗೆ ಮನ್ನಣೆ ನೀಡುವ ಮಂಡಲಿಗಳಿಗೂ ಹೇಳತಕ್ಕ ಮಾತೊಂದೇ: ಗಂಟೆಯನ್ನು ಎಣಿಸುವುದು ಸುಲಭ, ಕಲಿಕೆಯನ್ನು ಅಳೆಯುವುದು ಕಷ್ಟ, ಸುಲಭವಾದುದನ್ನು ಮಾಡಿ ಕಷ್ಟವಾದುದು ಮುಗಿಯಿತೆಂದು ತಿಳಿಯಬಾರದು. ವಿಹಾರದ ಹೊತ್ತನ್ನು ವಿಹಾರವೆಂದೇ ಬರೆಯಲಿ. ಪಾಠದ ಹೊತ್ತಿನಲ್ಲಿ ಪಾಠ ನಡೆಯಲಿ. ಸಾಧ್ಯವಾದಲ್ಲಿ ಪಾಠವು ನೀರಿನಿಂದಲೇ ಹುಟ್ಟಲಿ.

ಈ ಮಾತು ದೂರದ ಪಶುವೈದ್ಯರಿಗಷ್ಟೇ ಸಲ್ಲತಕ್ಕದ್ದಲ್ಲ. ನಮ್ಮ ಅಧ್ಯಾಪಕ ವರ್ಗಕ್ಕೂ ಪುನಶ್ಚೇತನ ಶಿಬಿರಗಳುಂಟು. ಹಾಜರಿ ಪುಸ್ತಕದ ರುಜುವೂ ಪ್ರಮಾಣಪತ್ರವೂ ಉಂಟು. ಬಡ್ತಿಗೆ ಬೇಕಾದ ಕಾಗದ ಕೈಸೇರಿದ ಮೇಲೆ ಅಲ್ಲಿ ಕೇಳಿದುದರಲ್ಲಿ ಎಷ್ಟು ತರಗತಿಯನ್ನು ಮುಟ್ಟಿತೆಂದು ಕೇಳಿಕೊಳ್ಳುವವರು ಎಷ್ಟು ಮಂದಿ? ಹಳಗನ್ನಡ ಶಾಸನದ ಮೇಲಿನ ಶಿಬಿರವು ಶಾಸನ ನಿಂತಿರುವ ಊರಿನಲ್ಲಿಯೇ ನಡೆದು, ಕಲ್ಲಿನ ಮೇಲೆ ಬೆರಳಾಡಿಸಿ ಅಕ್ಷರವನ್ನು ಓದುವಂತಾದರೆ ಅದನ್ನು ಪ್ರವಾಸವೆಂದು ಹಳಿಯಬೇಕಾಗಿಲ್ಲ. ಊರು ನೋಡಿ, ಉಂಡು, ರುಜು ಹಾಕಿ ಹಿಂದಿರುಗಿದರೆ ಅದನ್ನು ವಿದ್ಯೆಯೆನ್ನಲಾಗದು. ವೈದ್ಯನು ಕಲಿತನೇ ಎಂಬುದಕ್ಕೆ ಅವನ ಮುಂದೆ ಬಂದ ಪ್ರಾಣಿಯೇ ಸಾಕ್ಷಿ ಹೇಳಬೇಕು. ಅಧ್ಯಾಪಕನು ಕಲಿತನೇ ಎಂಬುದಕ್ಕೆ ಅವನ ವಿದ್ಯಾರ್ಥಿ. ಪ್ರಮಾಣಪತ್ರಕ್ಕೆ ಆ ಅಧಿಕಾರವಿಲ್ಲ.